ಎದೆಗೆ ಬಟ್ಟೆ ತಾಗಬಾರದು

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಸಿದ್ಧಕಟ್ಟೆಯ ಆ ಮದುವೆ ಮನೆಯ ಗೋಡೆ ಗಡಿಯಾರವನ್ನು ನಾನು ನೋಡಿದ್ದು ಅಮ್ಮ ಒಳಗಿನಿಂದ "ಮೊದಲ ಪಂಕ್ತಿ ಕೂತಿತಾ?" ಎಂದು ಕೇಳಿದ್ದಕ್ಕೆ. ಕೂತಿತ್ತು. ಚಪ್ಪರದ ಉದ್ದಕ್ಕೂ ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ ಆಗಿತ್ತು. ಅನ್ನದ ಹಿಂದೆ ಸಾರಿನ ಬಕೀಟು ಹಿಡಿದು ನನ್ನ ತಮ್ಮ ಹೊರಟಿದ್ದ. ಅವನಿಗಾಗ ಹದಿನೇಳು. ಅಪ್ಪ ಊರೂರಿನ ಮದುವೆ, ಉಪನಯನಗಳಿಗೆ ಅಡುಗೆ ಮಾಡುವವರು. ತಮ್ಮ ಹತ್ತನೆಯ ತರಗತಿ ಮುಗಿಸಿ ಅವರ ಜೊತೆ ಸೇರಿಕೊಂಡಿದ್ದ. ನಾನು ಮಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು, ಬೇಸಿಗೆ ರಜೆಗೆ ಬಂದವಳು ತರಕಾರಿ ಹೆಚ್ಚುವ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ.

ಬಡಿಸುವವರು ಮೈಮೇಲೆ ಏನೂ ಹಾಕುವಂತಿಲ್ಲ. ಪಂಚೆ, ಸೊಂಟಕ್ಕೆ ಬಿಗಿದ ಬೈರಾಸು ಟವೆಲು, ಅಷ್ಟೇ. ಹೊಲಿದ ಬಟ್ಟೆ ತೊಟ್ಟು ಬಡಿಸಿದರೆ ಮಡಿವಂತರು ಎಲೆಯ ಮುಂದಿಂದ ಏಳುತ್ತಾರೆ. ತಮ್ಮ ಅಲ್ಲಿಯವರೆಗೆ ಒಲೆಯ ಹತ್ತಿರದ ಕೆಲಸವನ್ನೇ ಬೇಡಿ ಮಾಡುತ್ತಿದ್ದ; ಅಲ್ಲಿ ಬನಿಯನ್ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ದಿನ ಬಡಿಸುವವರಲ್ಲಿ ಒಬ್ಬ ಬಂದಿರಲಿಲ್ಲ. ಅಪ್ಪ ಇವನನ್ನು ಕಳುಹಿಸಿದರು. ಇವನು ಬನಿಯನ್ನಿನಲ್ಲೇ ಹೊರಟ.

ಗಂಡಿನ ಕಡೆಯ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ, ಮೂಡಬಿದಿರೆಯವರಂತೆ, ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ಏ ಮಾಣಿ, ಬನಿಯನ್ ಹಾಕಿ ಬಡಿಸ್ಲಿಕ್ಕೆ ಇದೆಂತ ಬಂಟ್ವಾಳ ಪೇಟೆಯ ಹೋಟ್ಲಾ?"

ತಮ್ಮ ಅಪ್ಪನ ಕಡೆ ನೋಡಿದ. ಅಪ್ಪ ಅಡುಗೆ ಚಪ್ಪರದ ಬಾಯಲ್ಲಿ ಸೌಟು ಹಿಡಿದು ನಿಂತಿದ್ದರು.

"ತೆಗಿಯಾ. ಎಂತ ನೋಡುದು? ಅನ್ನ ತಣಿತದೆ" ಎಂದರು ಅಪ್ಪ.

ಅವನು ಬಕೀಟು ಕೆಳಗಿಟ್ಟು ಬನಿಯನ್ ತೆಗೆದ. ಎಲೆಯ ಮುಂದಿನ ತಲೆಗಳೆಲ್ಲ ಅವನ ಎದೆಯ ಕಡೆ ತಿರುಗಿದವು. ಆಮೇಲೆ ಅದೇ ಮನುಷ್ಯ, ಪಂಕ್ತಿಗೆಲ್ಲ ಕೇಳುವ ಹಾಗೆ, "ಓಹೋ! ಭಟ್ರೇ, ಮಗನನ್ನು ಕಳಿಸ್ತೇನೆ ಅಂತ ಮಗಳನ್ನೇ ಕಳಿಸಿದ್ದಲ್ವಾ ನೀವು!" ಎಂದರು. "ಸಾರು ಬೇಡ ಮಾಣಿ, ಹಾಲಿದ್ರೆ ತಾ" ಎಂದು ಎದುರು ಸಾಲಿನಿಂದ ಇನ್ನೊಬ್ಬರು. ನಗು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಿದುಹೋಯಿತು.

ಅವನು ಓಡಿಹೋಗಬಹುದೆಂದು ನಾನು ಎಣಿಸಿದೆ. ಅವನು ಓಡಲಿಲ್ಲ. ಬಿಸಿ ಬಕೀಟನ್ನು ಎದೆಗೆ ಆನಿಸಿಕೊಂಡು, ಬಗ್ಗಿ, ಕೊನೆಯ ಎಲೆಯವರೆಗೂ ಬಡಿಸಿದ. ಒಂದು ಹನಿ ಎಲೆಯ ಹೊರಗೆ ಬೀಳಲಿಲ್ಲ.

ಲಾಯಿಲಕ್ಕೆ, ನಮ್ಮ ಮನೆಗೆ, ಬಸ್ಸಿನಲ್ಲಿ ಹಿಂತಿರುಗುವಾಗ ಅಪ್ಪ ಅಡುಗೆಯ ವಿಷಯವನ್ನೇ ಮಾತಾಡುತ್ತಿದ್ದರು. ಹುಳಿಗೆ ಸ್ವಲ್ಪ ಬೆಲ್ಲ ಹೆಚ್ಚಾಯಿತು, ಪಾಯಸ ಚೆನ್ನಾಗಿತ್ತು. ತಮ್ಮ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಅಂಗಿಯ ಮೇಲೆ ಶಾಲು ಹೊದ್ದಿದ್ದ. ಆ ಸೆಕೆಯಲ್ಲಿ.

ಎದೆಯ ಆ ಉಬ್ಬು ಅವನಿಗೆ ಶುರುವಾದದ್ದು ಹದಿನೈದರ ಸುಮಾರಿಗೆ ಇರಬೇಕು. ನಮಗೆ ಗೊತ್ತಾದದ್ದು ಅವನ ಎದೆಯಿಂದಲ್ಲ, ಅವನು ಬಿಟ್ಟುಬಿಟ್ಟ ಕೆಲಸಗಳಿಂದ. ಹೊಳೆಗೆ ಈಜಲು ಹೋಗುವುದನ್ನು ಬಿಟ್ಟ. ಬಾವಿಕಟ್ಟೆಯಲ್ಲಿ ನೀರು ಸುರಿದುಕೊಳ್ಳುವುದನ್ನು ಬಿಟ್ಟು ಬಚ್ಚಲಿನ ಬಾಗಿಲು ಹಾಕತೊಡಗಿದ. ದೀಪಾವಳಿಯ ಎಣ್ಣೆಸ್ನಾನಕ್ಕೆ ಅಮ್ಮ ಎಣ್ಣೆ ಹಚ್ಚಲು ಹೋದರೆ "ನಾನೇ ಹಚ್ಚಿಕೊಳ್ತೇನೆ" ಎಂದು ಬಟ್ಟಲು ಕಿತ್ತುಕೊಂಡ. ಅಮ್ಮನಿಗೆ ಅರ್ಧ ತಿಳಿದಿತ್ತು. "ತುಪ್ಪ ಕಮ್ಮಿ ಮಾಡು ಮಗಾ" ಎಂದಷ್ಟೇ ಹೇಳಿದ್ದಳು. ಅವನು ತುಪ್ಪ ಬಿಟ್ಟ, ಮಜ್ಜಿಗೆ ಬಿಟ್ಟ, ಕೈಕಾಲು ಕಡ್ಡಿಯಾಯಿತು. ಎದೆ ಮಾತ್ರ ಹಾಗೇ ಉಳಿಯಿತು. ಅಮ್ಮ ನಾಗನಿಗೆ ತಂಬಿಲ ಪೂಜೆಯ ಹರಕೆ ಹೇಳಿಕೊಂಡಳು. ಯಾತಕ್ಕೆಂದು ಯಾರಿಗೂ ಹೇಳಲಿಲ್ಲ.

ಅದೇ ವಯಸ್ಸಿನಲ್ಲಿ ನನಗೆ ಹೇಗೆ ಕೂರಬೇಕು, ಸೆರಗು ಎಲ್ಲಿರಬೇಕು ಎಂದು ಹೇಳಿಕೊಡಲು ಮನೆತುಂಬ ಹೆಂಗಸರಿದ್ದರು. ಮುಚ್ಚಿಕೊಳ್ಳುವುದು ನನ್ನ ಮರ್ಯಾದೆಯಾಗಿತ್ತು. ಅವನ ಮರ್ಯಾದೆ ಇದ್ದದ್ದು ತೆರೆದುಕೊಳ್ಳುವುದರಲ್ಲಿ. ದೇವಸ್ಥಾನದ ಒಳಗೆ ಹೋಗಬೇಕಾದರೆ, ಊಟಕ್ಕೆ ಕೂರಬೇಕಾದರೆ, ಬಡಿಸಬೇಕಾದರೆ, ನಾಳೆ ಮದುವೆಯಾಗಬೇಕಾದರೆ ಅವನು ಬರಿಮೈಯಲ್ಲಿ ನಿಲ್ಲಬೇಕು. ಅಡಗಲು ಅವನಿಗೆ ಒಂದು ಮೂಲೆಯೂ ಇರಲಿಲ್ಲ.

ಮದುವೆಯ ಮರುದಿನ ಬೆಳಿಗ್ಗೆ ಅವನು ದನದ ಹಟ್ಟಿಯ ಹಿಂದಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ. ಹಟ್ಟಿಯ ಮಾಡಿನ ಕೆಳಗೆ ಒಂದು ಕರಟದ ತುಂಬ ಗೇರುಬೀಜದ ಸಿಪ್ಪೆಯ ಎಣ್ಣೆ ಇರುತ್ತಿತ್ತು. ಬೀಜ ಸುಡುವಾಗ ಹಿಡಿದಿಟ್ಟದ್ದು. ಕಂಬಗಳಿಗೆ ಒರಲೆ ಹುಳ ಹತ್ತದಿರಲಿ ಎಂದು ಅಪ್ಪ ಅದನ್ನು ಬಳಿಯುತ್ತಿದ್ದರು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಅದಕ್ಕೆ ಇನ್ನೊಂದು ಉಪಯೋಗ ಉಂಟು. ಕೈಯಲ್ಲಿ ನರೂಲಿ ಎದ್ದರೆ ತೆಂಗಿನಗರಿಯ ಹಿಡಿಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಎಣ್ಣೆ ಮುಟ್ಟಿಸುತ್ತಾರೆ. ಅದು ಕಪ್ಪಾಗಿ, ಒಣಗಿ, ಉದುರಿಹೋಗುತ್ತದೆ. ತಮ್ಮ ಚಿಕ್ಕವನಿದ್ದಾಗ ಅವನ ಹೆಬ್ಬೆರಳಿನ ನರೂಲಿಯನ್ನು ಅಪ್ಪ ಹಾಗೆಯೇ ತೆಗೆದಿದ್ದರು. ಮೈಮೇಲೆ ಬೇಡದ್ದು ಬೆಳೆದರೆ ಗೇರೆಣ್ಣೆ ತಿನ್ನುತ್ತದೆ. ಅವನು ಕಲಿತದ್ದು ಅಷ್ಟು.

ಅವನು ಚುಕ್ಕೆ ಮುಟ್ಟಿಸಲಿಲ್ಲ. ಎರಡೂ ಕಡೆ ಪೂರ್ತಿ ಬಳಿದುಕೊಂಡ. ಬಳಿದು, ಮೇಲಿಂದ ಬೈರಾಸು ಬಿಗಿದು ಕಟ್ಟಿದ. ಬಿಗಿದರೆ ಬೇಗ ಇಳಿದೀತು ಎಂದು ಎಣಿಸಿದ್ದನಂತೆ.

ಅವನು ಕೈಯಲ್ಲಿ ಆ ಕರಟ ಹಿಡಿದು ಹಟ್ಟಿಯ ಮೂಲೆ ತಿರುಗುವ ದೃಶ್ಯ ನನ್ನ ಕಣ್ಣ ಮುಂದೆ ಎಷ್ಟು ಸಲ ಬಂದುಹೋಗಿದೆಯೋ. ಕಂಬಕ್ಕೆ ಬಳಿಯಲು ಹೋಗುತ್ತಿದ್ದಾನೆ ಎಂದುಕೊಂಡಿದ್ದೆ. ಯಾರಾದರೂ ಹಾಗೆಯೇ ಎಂದುಕೊಳ್ಳುತ್ತಿದ್ದರು. ಆದರೂ ಇವತ್ತಿಗೂ, ಬೇಸಿಗೆಯಲ್ಲಿ ನೆರೆಯವರು ಗೇರುಬೀಜ ಸುಟ್ಟ ಹೊಗೆ ಬಂದರೆ, ನಾನು ಎದ್ದು ಕಿಟಕಿ ಹಾಕುತ್ತೇನೆ.

ಆ ಸಂಜೆ ಅವನು ತಲೆನೋವೆಂದು ಮಲಗಿದ. ಮರುದಿನ ಜ್ವರ ಎಂದ. ಅಮ್ಮ ಕೊತ್ತಂಬರಿ ಕಷಾಯ ಮಾಡಿಕೊಟ್ಟಳು. ಅವನು ಕಂಬಳಿ ತೆಗೆಯಲು ಬಿಡಲಿಲ್ಲ. ಮುಖ ಊದಿ, ಕಣ್ಣು ಸಣ್ಣದಾಗಿತ್ತು. ಅದರ ಮರುದಿನ ಕೋಣೆಯೊಳಗೆ ಒಂದು ವಾಸನೆ. ಅಮ್ಮ ಬಾಗಿಲಲ್ಲೇ ನಿಂತು ಮೂಗೆಳೆದು, ಮತ್ತೇನೂ ಕೇಳದೆ ಹೋಗಿ ಕಂಬಳಿ ಎಳೆದಳು. ಬೈರಾಸು ಎದೆಗೆ ಅಂಟಿಕೊಂಡಿತ್ತು. ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಹಳದಿ. ಅಂಚಿನಲ್ಲಿ ಕುತ್ತಿಗೆಯವರೆಗೂ ಗುಳ್ಳೆಗಳು ಎದ್ದಿದ್ದವು.

"ಎಂತ ಹಾಕಿದ್ದು ಮಗಾ? ಎಂತ ಹಾಕಿದ್ದು?"

"ಗೇರೆಣ್ಣೆ."

ಅಮ್ಮ ಕೂಗಲಿಲ್ಲ, ಬೈಯಲಿಲ್ಲ. ಅಡುಗೆಮನೆಗೆ ಓಡಿ ತೆಂಗಿನಕಾಯಿ ಒಡೆದು, ತುರಿದು, ಹಾಲು ಹಿಂಡಿ ತಂದು, ಆ ಬೈರಾಸನ್ನು ನೆನೆಸತೊಡಗಿದಳು. ಬಿಡಿಸಲು ಬರಲಿಲ್ಲ. ಎಳೆದಲ್ಲೆಲ್ಲ ಚರ್ಮವೂ ಬಂತು. ಅವನ ಹಲ್ಲುಗಳು ಕಟಕಟ ಕಡಿಯುತ್ತಿದ್ದವು, ಮೈ ಚಳಿಯಿಂದ ಕುಣಿಯುತ್ತಿತ್ತು. ಬಿಸಿಲು ರಾಚುತ್ತಿದ್ದ ಹೊತ್ತು ಅದು.

ಬೆಳ್ತಂಗಡಿಯ ಡಾಕ್ಟರು ನೋಡಿ, ಕೂತಲ್ಲಿಂದ ಎದ್ದರು. ಒಂದು ಇಂಜೆಕ್ಷನ್ ಕೊಟ್ಟು, "ಇದು ನನ್ನ ಕೈಯಲ್ಲಿ ಆಗುವಂಥದ್ದಲ್ಲ. ರಕ್ತಕ್ಕೆ ನಂಜು ಹೋಗಿದೆ. ಬಂಟ್ವಾಳದಲ್ಲಿ ರೋಗಿಗಳನ್ನು ಇರಿಸಿಕೊಳ್ಳುವ ಆಸ್ಪತ್ರೆ ಉಂಟು, ಈಗಲೇ ಹೊರಡಿ" ಎಂದರು. ಪರಿಚಯದವರ ಒಂದು ಬಾಡಿಗೆ ಕಾರು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಅವನ ತಲೆ ಅಮ್ಮನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ರಸ್ತೆಯ ತಿರುವಿನಲ್ಲೆಲ್ಲ ಅವನು ನರಳುತ್ತಿದ್ದ. ಒಂದು ತಿರುವಿನ ನಂತರ ನರಳುವುದು ನಿಂತಿತು. ನಾನು ಅವನ ಕಾಲಿನ ಹೆಬ್ಬೆರಳನ್ನು ಉಗುರಿನಿಂದ ಚಿವುಟಿದೆ. ಕಾಲು ಅಲುಗಲಿಲ್ಲ. ಇನ್ನೂ ಜೋರಾಗಿ ಚಿವುಟಿದೆ. ಅಲುಗಿತು. ಬಂಟ್ವಾಳ ಬರುವವರೆಗೆ ನಾನು ಹಾಗೆ ಚಿವುಟುತ್ತಲೇ ಇದ್ದೆ. ನನ್ನ ಕನಸಿನಲ್ಲಿ ಕೆಲವೊಮ್ಮೆ ಅದು ಅಲುಗುವುದಿಲ್ಲ.

ಆಸ್ಪತ್ರೆಯಲ್ಲಿ ಅವನು ಬದುಕುತ್ತಾನೆಂದು ಹೇಳಲು ಡಾಕ್ಟರಿಗೆ ಒಂದು ವಾರ ಬೇಕಾಯಿತು. ಪೆನಿಸಿಲಿನ್ ಚುಚ್ಚಿ ಚುಚ್ಚಿ ಸೊಂಟ ಗಂಟುಗಂಟಾಗಿತ್ತು. ಜ್ವರದ ಗುಂಗಿನಲ್ಲಿ ಅವನು "ಬಂದೆ, ಸಾರು ಬಂತು, ಸಾರು ಬಂತು" ಎನ್ನುತ್ತಿದ್ದ. ಅಪ್ಪ ಅದನ್ನು ಕೇಳಲಾರದೆ ವರಾಂಡಕ್ಕೆ ಹೋಗುತ್ತಿದ್ದರು.

ಜ್ವರ ಇಳಿದ ಮೇಲೆ ಡಾಕ್ಟರು ಅಪ್ಪನನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆದರು. ವಯಸ್ಸಾದವರು, ಮೆಲ್ಲನೆ ಮಾತಾಡುವವರು. ಅವನ ಹೊಟ್ಟೆ, ತೊಡೆಸಂದು ಎಲ್ಲ ಮುಟ್ಟಿ ನೋಡಿದ್ದರು. ಯಾವುದಾದರೂ ಔಷಧಿ ತಿನ್ನುತ್ತಿದ್ದನಾ, ಕಾಮಾಲೆ ಆಗಿತ್ತಾ ಎಂದು ಮೊದಲೇ ಕೇಳಿದ್ದರು.

"ಇದು ರೋಗ ಅಲ್ಲ ಭಟ್ರೇ. ಗಂಡಿನ ಶರೀರದಲ್ಲೂ ಹೆಣ್ಣಿನ ರಸ ಸ್ವಲ್ಪ ಉಂಟು. ಮೀಸೆ ಬರುವ ವಯಸ್ಸಲ್ಲಿ ತಕ್ಕಡಿ ಸ್ವಲ್ಪ ಆಚೆ ಈಚೆ ಆಗ್ತದೆ. ಮೊಲೆತೊಟ್ಟಿನ ಅಡಿಯಲ್ಲಿ ಒಂದು ಬಿಲ್ಲೆಯ ಹಾಗೆ ಗಟ್ಟಿಯಾಗ್ತದೆ. ಮುಟ್ಟಿದ್ರೆ ನೋವು. ಎಷ್ಟೋ ಹುಡುಗರಿಗೆ ಆಗ್ತದೆ, ಯಾರೂ ಹೇಳುದಿಲ್ಲ ಅಷ್ಟೇ. ಹೆಚ್ಚಿನವರಿಗೆ ಎರಡು ಮೂರು ವರ್ಷದಲ್ಲಿ ತನ್ನಷ್ಟಕ್ಕೆ ಇಳಿತದೆ."

"ಇಳಿಯದಿದ್ದರೆ?" ಎಂದು ನಾನು ಕೇಳಿದೆ.

"ಮಂಗಳೂರಲ್ಲಿ ಸರ್ಜನ್ ಇದ್ದಾರೆ. ಸಣ್ಣ ಗಾಯ ಮಾಡಿ ಆ ಬಿಲ್ಲೆಯನ್ನು ತೆಗಿತಾರೆ. ಹಚ್ಚುವ ಎಣ್ಣೆ, ಲೇಪ, ಯಾವುದೂ ಇದಕ್ಕಿಲ್ಲ." ಅವರು ಕನ್ನಡಕ ತೆಗೆದು ಅಪ್ಪನ ಕಡೆ ನೋಡಿದರು. "ಮನೆತನದಲ್ಲಿ ಬೇರೆ ಯಾರಿಗಾದ್ರೂ ಇತ್ತಾ? ನಿಮಗೆ?"

ಅಪ್ಪ ತಮ್ಮದೇ ಅಂಗೈಯನ್ನು ನೋಡಿಕೊಂಡರು. ಒಲೆಯ ಮುಂದೆ ಬೆಂದು ಬೆಂದು ರೇಖೆಗಳೇ ಅಳಿಸಿದ ಅಂಗೈ.

"ಇತ್ತು."

"ಮತ್ತೆ?"

"ಹೋಯ್ತು. ಹದಿನೆಂಟರ ಹತ್ತಿರ ಹೋಯ್ತು."

"ಮಗನಿಗೆ ಹೇಳಿದ್ರಾ?"

ಅಪ್ಪ ಅಂಗೈ ಮಡಚಿಕೊಂಡರು. ನಾನು ಅವರ ಮುಖ ನೋಡಲಿಲ್ಲ. ಹೊರಗೆ ಯಾರೋ ಬಕೀಟು ಎಳೆದುಕೊಂಡು ನೆಲ ಒರೆಸುತ್ತಿದ್ದರು.

ಮನೆಗೆ ಕಳುಹಿಸುವಾಗ ಡಾಕ್ಟರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಗಾಯಕ್ಕೆ ಗಾಳಿ ಆಡಬೇಕು. ಒಣಗಿ ತೊಗಲು ಬರುವವರೆಗೆ ಎದೆಗೆ ಬಟ್ಟೆ ತಾಗಬಾರದು. ತಾಗಿದರೆ ಅಂಟುತ್ತದೆ, ಅಂಟಿದರೆ ಕಿತ್ತುಬರುತ್ತದೆ, ಮತ್ತೆ ನಂಜಾದರೆ ಈ ಸಲದ ಹಾಗೆ ಉಳಿಸಲು ಆಗದೇ ಹೋದೀತು.

ಯಾವುದನ್ನು ಮಾಡಲಾರದೆ ಅವನು ತನ್ನನ್ನು ಸುಟ್ಟುಕೊಂಡನೋ ಅದನ್ನೇ ಈಗ ಹಗಲೂ ಇರುಳೂ ಮಾಡಬೇಕಾಗಿತ್ತು.

ನಡುಕೋಣೆಯಲ್ಲಿ ಬಾಳೆಎಲೆ ಹಾಸಿ ಮಲಗಿಸಿದೆವು. ನೋಡಲು ಜನ ಬರುತ್ತಿದ್ದರು. ಬರಬೇಡಿ ಎನ್ನಲು ಆಗುವುದಿಲ್ಲ. ಚಾವಡಿಯಲ್ಲಿ ಹೆಜ್ಜೆಯ ಸದ್ದಾದರೆ ಸಾಕು, ಅವನ ಕೈ ಬಟ್ಟೆಗೆ ಹೋಗುತ್ತಿತ್ತು. ಬಿಸಿ ಎಣ್ಣೆ ಚೆಲ್ಲಿದ್ದು ಎಂದು ಅಮ್ಮ ಎಲ್ಲರಿಗೂ ಹೇಳಿದ್ದಳು. ಅಡುಗೆಯವರ ಮನೆ, ನಂಬುತ್ತಿದ್ದರು. ಮೂಡಬಿದಿರೆಯಿಂದ ಸೋದರಮಾವ ಬಂದ ದಿನ ಅವನು ಪಂಚೆಯ ತುದಿಯನ್ನೇ ಎದೆಯ ಮೇಲೆ ಎಳೆದುಕೊಂಡ. ತೆಗೆಯುವಾಗ ಹೊಸ ತೊಗಲೂ ಬಂತು. ಸಂಜೆಗೆ ಮೈ ಬಿಸಿಯಾಯಿತು. ಬಂಟ್ವಾಳಕ್ಕೆ ಮತ್ತೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆವು. "ಇನ್ನೊಂದು ಸಲ ಹೀಗೆ ಮಾಡಿದ್ರೆ ಇಲ್ಲಿಗೆ ತರ್ಬೇಡಿ" ಎಂದು ಡಾಕ್ಟರು ಮೊದಲ ಸಲ ಗದರಿದರು. ಅದು ಸಿಟ್ಟಲ್ಲ, ಹೆದರಿಕೆ ಎಂದು ನನಗೆ ತಿಳಿಯಿತು.

ಹಗಲು ಎಚ್ಚರದಲ್ಲಿ ಹೇಗೋ ತಡೆದುಕೊಳ್ಳುತ್ತಿದ್ದ. ನಿದ್ದೆಯಲ್ಲಿ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕೈಗಳು ತಾವಾಗಿ ಹುಡುಕುತ್ತಿದ್ದವು. ಹೊದಿಕೆ, ಪಂಚೆ, ಏನೂ ಸಿಗದಿದ್ದರೆ ಅಡಿಯ ಬಾಳೆಎಲೆ. ಕೈ ಕಟ್ಟಿಹಾಕಿ ಎಂದು ಮಾವ ಹೇಳಿದರು. ಅಮ್ಮ ಹತ್ತಿಬಟ್ಟೆ ತಂದು ಒಂದು ಮಣಿಕಟ್ಟಿಗೆ ಸುತ್ತಿ, ಹಾಗೇ ಬಿಚ್ಚಿಬಿಟ್ಟಳು. ಹಾಗಾಗಿ ನಾವು ಮೂವರು ಪಾಳಿಯ ಮೇಲೆ ಕುಳಿತೆವು. ಕೈ ಎದೆಯ ಕಡೆ ಹೊರಟಾಗ ಮೆಲ್ಲನೆ ಹಿಡಿದು ಪಕ್ಕಕ್ಕಿಡುವುದು, ಅಷ್ಟೇ ಕೆಲಸ. ಪಾಳಿ ಇಲ್ಲದವರಿಗೂ ನಿದ್ದೆ ಬರುತ್ತಿರಲಿಲ್ಲ. ಕುಳಿತವರು ತೂಕಡಿಸಿದರೆ ಎಂಬ ಭಯ. ನಾನು ಕಾಲೇಜಿಗೆ ಹಿಂತಿರುಗುವುದನ್ನು ಮುಂದೆ ಹಾಕಿದೆ. ಅಪ್ಪ ಒಪ್ಪಿಕೊಂಡ ಅಡುಗೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅಪ್ಪ ಮತ್ತು ಮಗನ ನಡುವೆ "ನೀರು ಬೇಕಾ", "ಬೇಡ" ಎಂಬುದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಆಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಲಗಡೆಯ ಬಿಲ್ಲೆ ಮುಂದಿನ ವರ್ಷದ ಹೊತ್ತಿಗೆ ತಾನಾಗಿ ಕರಗಿತು. ಎಡಗಡೆಯದು ಉಳಿಯಿತು, ಮಂಗಳೂರಿನ ಸರ್ಜನ್ ಅದನ್ನು ತೆಗೆದರು. ಆದರೆ ಸುಟ್ಟ ತೊಗಲು ಬಿಗಿದು ಹಗ್ಗದಂತಾಗಿ ಅವನ ಎಡಗೈ ಭುಜದಿಂದ ಮೇಲೆ ಏಳಲಿಲ್ಲ. ಕೊಪ್ಪರಿಗೆ ಎತ್ತಲಾರದವನು ಅಡುಗೆಯವನಾಗಲಾರ. ಅವನು ಮೂಡಬಿದಿರೆಯಲ್ಲಿ ಮಾವನ ಪರಿಚಯದ ಜವಳಿ ಅಂಗಡಿಗೆ ಸೇರಿಕೊಂಡ. ಇಡೀ ದಿನ ಅಂಗಿ ತೊಟ್ಟು ನಿಲ್ಲುವ ಕೆಲಸ. ಅವನ ಮೂಗಿಗೆ ಹುಳಿ ಕುದಿಯುವ ವಾಸನೆಯಿಂದಲೇ ಉಪ್ಪು ಕಡಿಮೆಯೋ ಹೆಚ್ಚೋ ಗೊತ್ತಾಗುತ್ತಿತ್ತು. ಅಪ್ಪನ ಕೈಹದ ಅವನಿಗೆ ಮಾತ್ರ ಬಂದಿತ್ತು. ಅದು ಅಲ್ಲಿಗೇ ನಿಂತಿತು. ಅವನ ಮೈಯಿಂದ ಹೋಗಬೇಕಾದದ್ದು ಹೇಗೂ ಹೋಗುತ್ತಿತ್ತು, ಇಲ್ಲವಾದರೆ ಒಂದು ಸಣ್ಣ ಗಾಯದಲ್ಲಿ ಮುಗಿಯುತ್ತಿತ್ತು. ಇದನ್ನು ನೆನೆದಾಗ ಇಷ್ಟು ವರ್ಷಗಳ ನಂತರವೂ ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ತಿಳಿಯುವುದಿಲ್ಲ.

ಅಪ್ಪ ಬಾಯಿ ಬಿಟ್ಟ ಆ ದಿನಕ್ಕೆ ಬರುತ್ತೇನೆ. ಮೊದಲ ಮಳೆ ಇನ್ನೂ ಬಂದಿರಲಿಲ್ಲ, ಸೆಕೆ ಕುದಿಯುತ್ತಿತ್ತು. ಮಧ್ಯಾಹ್ನದ ಗಂಜಿ ಆದ ಮೇಲೆ ಅಪ್ಪ ಹಳೆಯ ಬಾಳೆಎಲೆ ತೆಗೆದು ಹೊಸದನ್ನು ಒರೆಸಿ ಹಾಸುತ್ತಿದ್ದರು. ತಮ್ಮ ಗೋಡೆಗೆ ಒರಗಿ ಕುಳಿತು, ಎದೆಗೆ ತಾಗದಂತೆ ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡಿದ್ದ. ಮನೆಯವರೇ ಇದ್ದರೂ ಅವನು ಹಾಗೆಯೇ ಕೂರುತ್ತಿದ್ದದ್ದು. ಅಪ್ಪ ಎಲೆ ಒರೆಸುತ್ತಲೇ, ಅವನ ಕಡೆ ನೋಡದೆ, ಎಲೆಗೆ ಹೇಳುವ ಹಾಗೆ ಶುರು ಮಾಡಿದರು.

"ನಾನು ಮೂಡಬಿದಿರೆಯಲ್ಲಿ ಒಬ್ಬರ ಕೈಕೆಳಗೆ ಇದ್ದೆ, ನಿನಗಿಂತ ಸಣ್ಣವ. ನನಗೂ ಇತ್ತು. ನಿನ್ನ ಹಾಗೆಯೇ."

ತಮ್ಮ ತಲೆ ಎತ್ತಿದ.

"ಎಲೆ ಹಾಕುವ ಕೆಲಸ ಬೇಕು ಅಂತ ಕೇಳಿ ತಕೊಂಡೆ. ಎಲೆಯ ಕಟ್ಟು ಎದೆಗೆ ಅಡ್ಡ ಹಿಡ್ಕೊಳ್ಬಹುದಲ್ಲ. ಎಲೆ ಹಾಕಿ ಮುಗಿದ್ರೂ ನಾಲ್ಕು ಎಲೆ ಉಳಿಸಿ, ಹಿಡ್ಕೊಂಡೇ ತಿರುಗುದು. ಒಂದು ದಿನ ಯಜಮಾನ್ರು ಕೇಳಿದ್ರು, 'ಏ ಮಾಣಿ, ಪಂಕ್ತಿಗೆ ಪಾಯಸ ಬಂತು, ಇನ್ನು ಯಾರಿಗಾ ಎಲೆ? ಪಿತೃಗಳಿಗಾ?'"

ತಮ್ಮನ ಬಾಯಿಯ ಒಂದು ಕೊನೆ ಕೊಂಕಿತು. ಅಪ್ಪ ಈಗ ಅವನ ಕಡೆ ನೋಡಿದರು.

"ಮತ್ತೊಂದು ಮದುವೆಯಲ್ಲಿ ಎಲೆಯೇ ಸಾಕಾಗ್ಲಿಲ್ಲ. ಕೊನೆಗೆ ನನ್ನ ಎದೆಯ ಮೇಲಿದ್ದ ನಾಲ್ಕನ್ನೂ ಎಳ್ಕೊಂಡ್ರು ಮಾರಾಯ. ದಿಬ್ಬಣದವರ ಎದುರು ನಾನು ಕೈಗೆ ಸಿಕ್ಕಿದ ಹಲಸಿನ ಹಣ್ಣನ್ನು ಎದೆಗೆ ತಬ್ಬಿ ನಿಂತಿದ್ದೆ."

ಅವನು ನಕ್ಕ. ನಕ್ಕ ಕೂಡಲೇ ಗಾಯ ಎಳೆದು ಮುಖ ಹಿಂಡಿತು. "ನಗಿಸ್ಬೇಡಿ ಅಪ್ಪ, ನೋವಾಗ್ತದೆ." ಹೇಳುತ್ತ ಮತ್ತೆ ನಕ್ಕ, ಮತ್ತೆ ಮುಖ ಹಿಂಡಿದ, ಕಣ್ಣಿನಿಂದ ನೀರು ಇಳಿಯಿತು. ಅದನ್ನು ಒರೆಸಿಕೊಂಡು ಕೇಳಿದ, "ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ."

"ಈಗ್ಲೂ?"

"ಅದು ಹೋಯ್ತು, ನಾಚಿಕೆ ಹೋಗ್ಲಿಲ್ಲ." ಅಪ್ಪ ಬೈರಾಸಿನಿಂದ ಮುಖ ಒರೆಸಿಕೊಂಡರು. "ಸಿದ್ಧಕಟ್ಟೆಯಲ್ಲಿ ನೀನು ಬನಿಯನ್ ತೆಗೆದಾಗ ನನಗೆ ಗೊತ್ತಾಯ್ತು. ನನ್ನದೇ ಎದೆ ನೋಡಿದ ಹಾಗಾಯ್ತು. ಅದಕ್ಕೇ ಬಾಯಿ ಬರ್ಲಿಲ್ಲ. ಆ ಜನಕ್ಕೆ ಒಂದು ಮಾತು ಹೇಳ್ಬೇಕಿತ್ತು ನಾನು. ಸೌಟು ಕೈಯಲ್ಲೇ ಇತ್ತಲ್ಲ."

ಅಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎದೆಯ ಮುಂದೆ ಕಟ್ಟಿದ್ದ ಕೈಗಳನ್ನು ತಮ್ಮ ಬಿಡಿಸಿ ಎರಡೂ ಪಕ್ಕಕ್ಕೆ, ನೆಲದ ಮೇಲೆ ಇಟ್ಟ. ಅಪ್ಪ ಗಾಯವನ್ನು ಮೊದಲ ಸಲ ಹತ್ತಿರದಿಂದ, ಬಹಳ ಹೊತ್ತು ನೋಡಿದರು.

ಆ ರಾತ್ರಿ ಮೊದಲ ಪಾಳಿ ನನ್ನದು. ಅವನು ಬಾಳೆಎಲೆಯ ಮೇಲೆ ಅಂಗಾತ ಮಲಗಿದ. ಪಕ್ಕದಲ್ಲಿ ಅಪ್ಪ, ಅವರೂ ಬರಿಮೈಯಲ್ಲಿ. ಅವನ ಉಸಿರು ನಿಧಾನವಾಯಿತು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಅವು ಹುಡುಕಲಿಲ್ಲ. ಬೆರಳುಗಳು ಅರ್ಧ ತೆರೆದು, ಇಟ್ಟಲ್ಲೇ ಇದ್ದವು. ಅಮ್ಮನನ್ನು ಎಬ್ಬಿಸಬೇಕಾದ ಹೊತ್ತು ಬಂದಾಗ ನಾನು ಗೋಡೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದೆ. ಅಮ್ಮನೂ ಎದ್ದಿರಲಿಲ್ಲ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ನಾನು ಬೆಚ್ಚಿಬಿದ್ದು ಅವನ ಎದೆ ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ.